ಕರೆ ಬಂದ ಮೇಲೆ ಯೋಚಿಸುವ ಕೋಚ್: ಅಮೆರಿಕದ ಕಾಲೇಜು ಫುಟ್ಬಾಲ್‌ನಲ್ಲಿ ಒಂದು ನಿರ್ಧಾರದ ಬೆಲೆ

2025ರ ನವೆಂಬರ್ 28ರ ಶುಕ್ರವಾರ, 'ಓಲ್ ಮಿಸ್' ಎಂದೇ ಎಲ್ಲರೂ ಕರೆಯುವ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡವು ತನ್ನದೇ ರಾಜ್ಯದ ಸಾಂಪ್ರದಾಯಿಕ ಎದುರಾಳಿ ಮಿಸಿಸಿಪ್ಪಿ ಸ್ಟೇಟ್ ತಂಡವನ್ನು ಸೋಲಿಸಿ, ಹನ್ನೆರಡು ಪಂದ್ಯಗಳ ಋತುವನ್ನು ಹನ್ನೊಂದು ಗೆಲುವುಗಳೊಂದಿಗೆ ಮುಗಿಸಿತು. ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್‌ಗೆ ಆ ವಿಶ್ವವಿದ್ಯಾಲಯ ಮೊದಲ ಬಾರಿಗೆ ಕಾಲಿಡುವುದು ಬಹುತೇಕ ಖಚಿತವಾಗಿತ್ತು. ಎರಡು ದಿನ ಕಳೆದು ಭಾನುವಾರ ಬಂದಾಗ ಆ ತಂಡವನ್ನು ಅಲ್ಲಿಯವರೆಗೆ ತಂದು ನಿಲ್ಲಿಸಿದ್ದ ಕೋಚ್ ಲೇನ್ ಕಿಫಿನ್, ಅದೇ ಒಕ್ಕೂಟದಲ್ಲಿ ಆಡುವ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ, ಅಂದರೆ ಎಲ್‌ಎಸ್‌ಯುವಿನ, ಕೋಚ್ ಆಗಲು ಹೊರಟಿದ್ದರು. ಪ್ಲೇಆಫ್ ಮುಗಿಯುವವರೆಗೆ ಓಲ್ ಮಿಸ್ ತಂಡವನ್ನು ತಾವೇ ನಡೆಸುವುದಾಗಿ ಅವರು ಕೇಳಿಕೊಂಡರೂ ಅಲ್ಲಿನ ಕ್ರೀಡಾ ನಿರ್ದೇಶಕ ಕೀತ್ ಕಾರ್ಟರ್ ಒಪ್ಪಲಿಲ್ಲ. ರಕ್ಷಣಾ ವಿಭಾಗ ನೋಡಿಕೊಳ್ಳುತ್ತಿದ್ದ ಪೀಟ್ ಗೋಲ್ಡಿಂಗ್ ಅವರಿಗೆ ಪೂರ್ಣಾವಧಿಯ ಹೊಣೆ ವಹಿಸಲಾಯಿತು.

ಕಿಫಿನ್ ಹೋದದ್ದಕ್ಕಿಂತ ಹೆಚ್ಚು ಚರ್ಚೆಯಾದದ್ದು, ಹೋಗಬೇಕೋ ಬೇಡವೋ ಎಂದು ನಿರ್ಧರಿಸಲು ಅವರು ತೆಗೆದುಕೊಂಡ ಕಾಲ. ಫ್ಲೋರಿಡಾ ವಿಶ್ವವಿದ್ಯಾಲಯವು ಅಕ್ಟೋಬರ್ 19ರಂದು ಬಿಲ್ಲಿ ನೇಪಿಯರ್ ಅವರನ್ನೂ, ಎಲ್‌ಎಸ್‌ಯು ಅಕ್ಟೋಬರ್ 26ರಂದು ಬ್ರಯನ್ ಕೆಲ್ಲಿ ಅವರನ್ನೂ ಕೆಲಸದಿಂದ ತೆಗೆದ ದಿನದಿಂದಲೇ ಕಿಫಿನ್ ಹೆಸರು ಎರಡೂ ಕಡೆ ಓಡಾಡುತ್ತಿತ್ತು. ನವೆಂಬರ್ ತಿಂಗಳ ನಡುವಿನ ಹೊತ್ತಿಗೆ ಅವರ ಕುಟುಂಬದವರು ಎರಡೂ ಊರುಗಳನ್ನು ನೋಡಿ ಬಂದ ಸುದ್ದಿ ಹರಡಿತು. ನವೆಂಬರ್ 21ರಂದು ಕಾರ್ಟರ್ ಅವರೇ ಹೇಳಿಕೆ ಕೊಟ್ಟು, ಕೋಚ್ ಭವಿಷ್ಯದ ಬಗ್ಗೆ ಕೊನೆಯ ಪಂದ್ಯದ ಮರುದಿನ ತಿಳಿಸಲಾಗುವುದು ಎನ್ನಬೇಕಾಯಿತು. ಹಿರಿಯ ಕೋಚ್‌ಗಳಾದ ನಿಕ್ ಸೇಬನ್ ಮತ್ತು ಪೀಟ್ ಕ್ಯಾರೊಲ್ ಅವರ ಸಲಹೆ ಕೇಳಿದ್ದಾಗಿ ಕಿಫಿನ್ ಆಮೇಲೆ ಹೇಳಿಕೊಂಡರು. ಇಷ್ಟೆಲ್ಲ ಯೋಚಿಸಿದ್ದು ಒಳ್ಳೆಯದೇ ಆಯಿತಲ್ಲವೇ ಎಂದು ದೂರದಿಂದ ನೋಡುವವರಿಗೆ ಅನಿಸಬಹುದು. ಆದರೆ ಆ ಆರು ವಾರಗಳ ಯೋಚನೆಯ ಖರ್ಚನ್ನು ಭರಿಸಿದವರು ಬೇರೆಯವರು.

ಇಲ್ಲಿ ಮಾತಾಡುತ್ತಿರುವುದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್ಬಾಲ್ ಬಗ್ಗೆ. ನಾವು ಆಡುವ ಕಾಲ್ಚೆಂಡಾಟದ ಬಗ್ಗೆ ಅಲ್ಲ. ಕಾಲೇಜು ಎಂಬ ಹೆಸರಿದ್ದರೂ ಇದು ಬೃಹತ್ ಉದ್ಯಮ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಎಲ್ಲರಿಗಿಂತ ಹೆಚ್ಚು ಗಳಿಸುವವರು ರಾಜ್ಯಪಾಲರಲ್ಲ, ಕುಲಪತಿಗಳಲ್ಲ, ವಿಶ್ವವಿದ್ಯಾಲಯದ ಫುಟ್ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಎಲ್‌ಎಸ್‌ಯು ಕಿಫಿನ್ ಅವರಿಗೆ ಕೊಟ್ಟ ಒಪ್ಪಂದ ಏಳು ವರ್ಷಗಳದು. ವರ್ಷಕ್ಕೆ ಸುಮಾರು 1 ಕೋಟಿ 30 ಲಕ್ಷ ಡಾಲರ್. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಕೆಲ್ಲಿಗೆ ಸಲ್ಲಬೇಕಾದ ಪರಿಹಾರದ ಮೊತ್ತವೇ ಸುಮಾರು 5 ಕೋಟಿ 40 ಲಕ್ಷ ಡಾಲರ್.

ಹಾಗಾದರೆ ಇಂಥ ಆಹ್ವಾನ ಬಂದಾಗ ಕೋಚ್ ಯೋಚಿಸಬೇಕೇ, ಅಥವಾ ಕೈಗೆ ಬಂದದ್ದನ್ನು ಕೂಡಲೇ ಒಪ್ಪಿಕೊಳ್ಳಬೇಕೇ? ಯೋಚಿಸಲೇಬೇಕು ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಯೋಚನೆಯ ಬಹುಪಾಲು ಆಹ್ವಾನ ಬರುವ ಮೊದಲೇ ಮುಗಿದಿರಬೇಕು. ಕರೆ ಬಂದ ಮೇಲೆ ಕಳೆಯುವ ಪ್ರತಿ ದಿನವೂ ಕೋಚ್‌ನ ಸ್ವಂತ ದಿನವಲ್ಲ. ಅದು ಅವನ ಆಟಗಾರರ, ಸಹಾಯಕರ, ಎರಡು ವಿಶ್ವವಿದ್ಯಾಲಯಗಳ ದಿನ.

ಇದು ಹೀಗಾಗಲು ಮುಖ್ಯ ಕಾರಣ ಕ್ಯಾಲೆಂಡರ್. ಋತುವಿನ ಪಂದ್ಯಗಳು ಆಗಸ್ಟ್ ಕೊನೆಗೆ ಆರಂಭವಾಗಿ ನವೆಂಬರ್ ಕೊನೆಗೆ ಮುಗಿಯುತ್ತವೆ. ಪ್ರೌಢಶಾಲೆ ಮುಗಿಸುವ ಹುಡುಗರು ಯಾವ ಕಾಲೇಜಿಗೆ ಆಡುತ್ತೇವೆಂದು ಸಹಿ ಹಾಕುವ ಮೊದಲ ಅವಕಾಶ 2025ರಲ್ಲಿ ಇದ್ದದ್ದು ಡಿಸೆಂಬರ್ 3ರಿಂದ 5ರವರೆಗೆ, ಅಂದರೆ ಕೊನೆಯ ಪಂದ್ಯವಾದ ಒಂದು ವಾರದೊಳಗೆ. ಮೊದಲು ಈ ಸಹಿ ಫೆಬ್ರುವರಿಯಲ್ಲಿ ನಡೆಯುತ್ತಿತ್ತು; 2017ರಲ್ಲಿ ಡಿಸೆಂಬರ್‌ನ ಅವಕಾಶ ಸೇರಿತು, 2024ರಲ್ಲಿ ಅದು ತಿಂಗಳ ಮೊದಲ ವಾರಕ್ಕೆ ಬಂತು. ಅದೇ 2024ರಲ್ಲಿ ಪ್ಲೇಆಫ್ ನಾಲ್ಕು ತಂಡಗಳಿಂದ ಹನ್ನೆರಡಕ್ಕೆ ಹಿಗ್ಗಿ, ಡಿಸೆಂಬರ್ ಮೂರನೆಯ ವಾರದಿಂದ ಜನವರಿ ಮೂರನೆಯ ವಾರದವರೆಗೆ ಚಾಚಿಕೊಂಡಿತು. ಈ ನಡುವೆ ಆಟಗಾರರು ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋಗಲು ಹೆಸರು ನೋಂದಾಯಿಸುವ 'ಟ್ರಾನ್ಸ್‌ಫರ್ ಪೋರ್ಟಲ್' ಜನವರಿಯ ಆರಂಭದಲ್ಲಿ ತೆರೆದುಕೊಳ್ಳುತ್ತದೆ. ಹೊಸ ಕೋಚ್ ಬೇಕಾದ ವಿಶ್ವವಿದ್ಯಾಲಯಕ್ಕೆ ನವೆಂಬರ್ ಮುಗಿಯುವುದರೊಳಗೆ ಉತ್ತರ ಬೇಕು. ಒಳ್ಳೆಯ ಕೋಚ್‌ಗೆ ಮಾತ್ರ ಆಗಲೇ ಅತಿ ಮುಖ್ಯ ಪಂದ್ಯಗಳು ಎದುರಿಗಿರುತ್ತವೆ. ಮೂರು ತಿಂಗಳ ನೋಟಿಸ್ ಅವಧಿಗೆ ಒಗ್ಗಿಕೊಂಡಿರುವ ಬೆಂಗಳೂರಿನ ಐಟಿ ಉದ್ಯೋಗಿಗೆ ಈ ಅವಸರ ವಿಚಿತ್ರವೆನಿಸೀತು. ಇಲ್ಲಿ ನೋಟಿಸ್ ಅವಧಿಯೆಂದರೆ ಹಲವು ಸಲ ಒಂದು ವಿಮಾನ ಪ್ರಯಾಣದಷ್ಟು ಉದ್ದ.

ಅವಸರದ ಪರಿಣಾಮ ಹೇಗಿರುತ್ತದೆ ಎಂಬುದಕ್ಕೆ 2024ರ ಜನವರಿಯ ಎರಡು ವಾರಗಳನ್ನು ನೋಡಬೇಕು. ಆ ತಿಂಗಳ 8ರಂದು ಕೇಲನ್ ಡಿಬೋರ್ ಅವರ ವಾಷಿಂಗ್ಟನ್ ತಂಡ ರಾಷ್ಟ್ರೀಯ ಫೈನಲ್‌ನಲ್ಲಿ ಮಿಷಿಗನ್‌ಗೆ ಸೋತಿತು. 10ರಂದು ಅಲಬಾಮಾದಲ್ಲಿ ನಿಕ್ ಸೇಬನ್ ನಿವೃತ್ತಿ ಘೋಷಿಸಿದರು. 12ರಂದು ಡಿಬೋರ್ ಅಲಬಾಮಾದ ಕೋಚ್ ಆಗಿದ್ದರು. 14ರಂದು ವಾಷಿಂಗ್ಟನ್ ವಿಶ್ವವಿದ್ಯಾಲಯ ಅರಿಜೋನಾದಿಂದ ಜೆಡ್ ಫಿಷ್ ಅವರನ್ನು ಕರೆತಂದಿತು, 16ರಂದು ಅರಿಜೋನಾ ಸ್ಯಾನ್ ಹೋಸೆ ಸ್ಟೇಟ್‌ನಿಂದ ಬ್ರೆಂಟ್ ಬ್ರೆನನ್ ಅವರನ್ನು ತಂದಿತು, ಸ್ಯಾನ್ ಹೋಸೆ ಸ್ಟೇಟ್ ಮತ್ತೊಬ್ಬರನ್ನು ಹುಡುಕಿಕೊಂಡು ಹೊರಟಿತು. ಒಬ್ಬ ಹಿರಿಯರು ಕುರ್ಚಿ ಬಿಟ್ಟದ್ದಕ್ಕೆ ನಾಲ್ಕು ಊರುಗಳ ನೂರಾರು ವಿದ್ಯಾರ್ಥಿಗಳು, ತಮ್ಮನ್ನು ಕರೆತಂದ ಕೋಚ್ ಇಲ್ಲದ ತಂಡದಲ್ಲಿ ಉಳಿಯಬೇಕೇ ಎಂದು ಕೇಳಿಕೊಳ್ಳುವಂತಾಯಿತು. ಕೋಚ್ ಹೋದರೆ ಆ ತಂಡದ ಆಟಗಾರರಿಗೆ ಮೂವತ್ತು ದಿನಗಳ ಮಟ್ಟಿಗೆ ಪೋರ್ಟಲ್ ತೆರೆಯುವ ನಿಯಮ ಆಗ ಇತ್ತು. ಡಿಬೋರ್ ಅವರಿಗೆ ಸಿಕ್ಕದ್ದು ಎರಡೇ ದಿನ. ಆದರೆ ಸೇಬನ್ ಅವರ ನಂತರ ಅಲಬಾಮಾಕ್ಕೆ ಹೋಗುವ ಧೈರ್ಯ ತನಗಿದೆಯೇ ಎಂಬ ಪ್ರಶ್ನೆಯನ್ನು, ಎಪ್ಪತ್ತು ದಾಟಿದ ಆ ಹಿರಿಯರ ನಿವೃತ್ತಿ ಹತ್ತಿರವಿರುವುದನ್ನು ಬಲ್ಲ ಯಾವ ಯಶಸ್ವಿ ಕೋಚ್ ಆದರೂ ಆ ಬುಧವಾರಕ್ಕೆ ಮುನ್ನವೇ ಮನಸ್ಸಿನಲ್ಲಿ ಒಮ್ಮೆಯಾದರೂ ಕೇಳಿಕೊಂಡಿರಲೇಬೇಕು. ಹಾಗಿದ್ದಾಗ ಎರಡು ದಿನ ಕಡಿಮೆಯಲ್ಲ.

ಯೋಚಿಸದೆ ಒಪ್ಪಿಕೊಂಡು ಕೆಟ್ಟವರ ಕಥೆಗಳೂ ಇವೆ. ತೀರಾ ಎದ್ದು ಕಾಣುವುದು ಫುಟ್ಬಾಲ್‌ನದಲ್ಲ, ಬ್ಯಾಸ್ಕೆಟ್‌ಬಾಲ್‌ನದು. ಫ್ಲೋರಿಡಾಕ್ಕೆ ಸತತ ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಿದ್ದ ಬಿಲ್ಲಿ ಡೊನೊವನ್, 2007ರಲ್ಲಿ ವೃತ್ತಿಪರ ತಂಡವಾದ ಒರ್ಲ್ಯಾಂಡೊ ಮ್ಯಾಜಿಕ್ ಸೇರಲು ಒಪ್ಪಿ, ಕೆಲವೇ ದಿನಗಳಲ್ಲಿ ಮನಸ್ಸು ಬದಲಿಸಿ ಕಾಲೇಜಿಗೆ ಮರಳಿದರು. ಬಿಡುಗಡೆಯ ಬೆಲೆಯಾಗಿ ಮುಂದಿನ ಐದು ವರ್ಷ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ತಂಡಗಳಿಗೆ ಕೋಚ್ ಆಗುವುದಿಲ್ಲವೆಂದು ಅವರು ಒಪ್ಪಬೇಕಾಯಿತು. ಒಂದು ವಾರದ ಗೊಂದಲಕ್ಕೆ ಐದು ವರ್ಷದ ಬಾಗಿಲು ಮುಚ್ಚಿತು. ಫುಟ್ಬಾಲ್‌ನಲ್ಲಿ ಮೆಲ್ ಟಕರ್ 2020ರ ಫೆಬ್ರುವರಿಯಲ್ಲಿ ತಾವು ಕೊಲೊರಾಡೊದಲ್ಲೇ ಇರುವುದಾಗಿ ಸಾರ್ವಜನಿಕವಾಗಿ ಹೇಳಿ, ಕೆಲವೇ ದಿನಗಳಲ್ಲಿ ಮಿಷಿಗನ್ ಸ್ಟೇಟ್‌ಗೆ ಹೋದರು. ಅವರು ಕೊಲೊರಾಡೊದಲ್ಲಿ ಕಳೆದದ್ದು ಒಂದೇ ಋತು. ಅದೇ ಹುದ್ದೆಯನ್ನು ಸಿನ್ಸಿನಾಟಿಯ ಲ್ಯೂಕ್ ಫಿಕೆಲ್ ಬೇಡವೆಂದಿದ್ದರು. ಮರುವರ್ಷ, 2021ರಲ್ಲಿ, ಅವರ ತಂಡ ನಾಲ್ಕು ತಂಡಗಳ ಪ್ಲೇಆಫ್‌ಗೆ ಹೋಯಿತು.

ರಿಚ್ ರಾಡ್ರಿಗೆಸ್ ಅವರ ಪ್ರಕರಣದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅದರಲ್ಲಿ 'ಇಲ್ಲ' ಮತ್ತು 'ಹೌದು' ಎರಡೂ ಇವೆ. ಪಶ್ಚಿಮ ವರ್ಜೀನಿಯಾದಲ್ಲೇ ಬೆಳೆದು, ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಆಡಿ, ಅಲ್ಲಿಯೇ ಕೋಚ್ ಆಗಿದ್ದ ಅವರನ್ನು 2006ರ ಡಿಸೆಂಬರ್‌ನಲ್ಲಿ ಅಲಬಾಮಾ ಕರೆಯಿತು. ಅವರು ಒಲ್ಲೆ ಎಂದರು. ಒಂದು ವರ್ಷದ ನಂತರ, ಮನೆಯಂಗಳದಲ್ಲಿ ಪಿಟ್ಸ್‌ಬರ್ಗ್ ತಂಡದ ಎದುರು 13-9ರಿಂದ ಸೋತು ರಾಷ್ಟ್ರೀಯ ಫೈನಲ್ ಕೈತಪ್ಪಿದ ಎರಡು ವಾರಗಳಲ್ಲಿ, ಮಿಷಿಗನ್ ಕರೆದಾಗ ಹೌದು ಎಂದರು. ಒಪ್ಪಂದ ಮುರಿದರೆ 40 ಲಕ್ಷ ಡಾಲರ್ ಕಟ್ಟಬೇಕೆಂಬ ಷರತ್ತಿಗೆ ಅವರೇ ಸಹಿ ಹಾಕಿದ್ದರು. ಅದರ ಬಗ್ಗೆ ಹಳೆಯ ಮಾಲೀಕರೊಂದಿಗೆ ಮೊಕದ್ದಮೆ ನಡೆದು, ಕೊನೆಗೆ ಮಿಷಿಗನ್ 25 ಲಕ್ಷವನ್ನೂ ಅವರು 15 ಲಕ್ಷವನ್ನೂ ಭರಿಸಿದರು. ಮಿಷಿಗನ್‌ನಲ್ಲಿ ಮೂರು ವರ್ಷಕ್ಕೆ ಹದಿನೈದು ಗೆಲುವು, ಇಪ್ಪತ್ತೆರಡು ಸೋಲು. 2011ರ ಜನವರಿಯಲ್ಲಿ ಕೆಲಸ ಹೋಯಿತು. ನನ್ನ ಓದಿನ ಪ್ರಕಾರ ಅವರ ಮೊದಲ ಉತ್ತರ ತಣ್ಣಗಿನ ತಲೆಯದು, ಎರಡನೆಯದು ಸೋಲಿನ ಬೇಗೆಯದು. ತಮ್ಮ ವೇಗದ ಆಟದ ಶೈಲಿಗೆ ತಕ್ಕ ಆಟಗಾರರು ಮಿಷಿಗನ್‌ನಲ್ಲಿ ಇದ್ದಾರೆಯೇ, ಇಲ್ಲದಿದ್ದರೆ ಅವರನ್ನು ತರುವವರೆಗೆ ಅಲ್ಲಿನವರು ಕಾಯುತ್ತಾರೆಯೇ ಎಂಬ ಪ್ರಶ್ನೆಯೊಂದೇ ಸಾಕಿತ್ತು. 2024ರ ಡಿಸೆಂಬರ್‌ನಲ್ಲಿ ಅದೇ ರಾಡ್ರಿಗೆಸ್ ಅವರನ್ನು ಪಶ್ಚಿಮ ವರ್ಜೀನಿಯಾ ಮತ್ತೆ ಕರೆದು ಕೂರಿಸಿತು ಎನ್ನುವುದು ಈ ಕಥೆಯ ತಮಾಷೆ.

ರಾಡ್ರಿಗೆಸ್ ಬೇಡವೆಂದ ಅಲಬಾಮಾದ ಕುರ್ಚಿಗೆ ಬಂದವರೇ ಸೇಬನ್. ಆಗ ಅವರು ವೃತ್ತಿಪರ ತಂಡವಾದ ಮಯಾಮಿ ಡಾಲ್ಫಿನ್ಸ್‌ನ ಕೋಚ್. 2006ರ ಡಿಸೆಂಬರ್ 21ರಂದು ತಾವು ಅಲಬಾಮಾದ ಕೋಚ್ ಆಗುವುದಿಲ್ಲವೆಂದು ಪತ್ರಕರ್ತರೆದುರು ಸ್ಪಷ್ಟವಾಗಿ ಹೇಳಿದವರು, ಎರಡು ವಾರ ಕಳೆಯುವುದರೊಳಗೆ, ಜನವರಿ 3ರಂದು ಒಪ್ಪಿಕೊಂಡರು. ಅಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಫಲಿತಾಂಶ ನೋಡಿ ನಿರ್ಧಾರವನ್ನು ಅಳೆಯುವವರಿಗೆ ಈ ಪ್ರಕರಣ ಒಂದು ಎಚ್ಚರಿಕೆ: ಸುಳ್ಳು ಹೇಳಿ ಹೋದವರು ಗೆದ್ದರು, ಯೋಚಿಸಿ ಉಳಿದವರು ಮರುವರ್ಷವೇ ಎಡವಿದರು. ಆದರೂ ಸೇಬನ್ ಅವರ ಆ ಮಾತನ್ನು ಮಯಾಮಿಯವರು ಮರೆತಿಲ್ಲ. ಋತುವಿನ ನಡುವೆ ಆಹ್ವಾನ ಬಂದ ಕೋಚ್‌ಗೆ ಪ್ರಾಮಾಣಿಕವಾಗಿ ಯೋಚಿಸುವ ಅವಕಾಶವೇ ಇರುವುದಿಲ್ಲ. ಯೋಚಿಸುತ್ತಿದ್ದೇನೆ ಎಂದರೆ ತಂಡ ಚದುರುತ್ತದೆ, ಯೋಚಿಸುತ್ತಿಲ್ಲ ಎಂದರೆ ನಾಳೆ ಸುಳ್ಳುಗಾರನಾಗಬೇಕಾಗುತ್ತದೆ. 2021ರಲ್ಲಿ ಓಕ್ಲಹೋಮಾದ ಲಿಂಕನ್ ರೈಲಿ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ತಾವು ಎಲ್‌ಎಸ್‌ಯುವಿನ ಮುಂದಿನ ಕೋಚ್ ಆಗುವುದಿಲ್ಲವೆಂದು ಒಂದು ರಾತ್ರಿ ಹೇಳಿ, ಮರುದಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ!

ಇನ್ನು ಯೋಚಿಸಬೇಕಾದದ್ದು ಏನನ್ನು? ಸಂಬಳ ಕೊನೆಯ ವಿಷಯ. ಅದನ್ನು ಏಜೆಂಟ್ ನೋಡಿಕೊಳ್ಳುತ್ತಾನೆ, ಮತ್ತು ಒಪ್ಪಂದ ದೊಡ್ಡದಾದಷ್ಟೂ ಏಜೆಂಟ್‌ನ ಪಾಲು ದೊಡ್ಡದಾಗುವುದರಿಂದ ಅವನ ಸಲಹೆಯನ್ನು ಆ ಲೆಕ್ಕದಲ್ಲೇ ಕೇಳಬೇಕು. ಮೊದಲು ಕೇಳಬೇಕಾದದ್ದು ತನ್ನ ಮೇಲಧಿಕಾರಿ ಯಾರು ಎಂದು. ಎಲ್‌ಎಸ್‌ಯುವಿನಲ್ಲಿ ಕೆಲ್ಲಿ ಹೋದ ವಾರದಲ್ಲೇ ಲೂಯಿಸಿಯಾನಾದ ರಾಜ್ಯಪಾಲ ಜೆಫ್ ಲ್ಯಾಂಡ್ರಿ ಮುಂದೆ ಬಂದು, ಮುಂದಿನ ಕೋಚ್ ಅನ್ನು ಆಗಿನ ಕ್ರೀಡಾ ನಿರ್ದೇಶಕ ಸ್ಕಾಟ್ ವುಡ್‌ವರ್ಡ್ ಆರಿಸುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಮರುದಿನವೇ ವುಡ್‌ವರ್ಡ್ ನಿರ್ಗಮಿಸಿದರು. ಕೆಲ್ಲಿ ತಮ್ಮ ಪರಿಹಾರದ ಮೊತ್ತಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ನಮ್ಮ ಕಡೆ ರಾಜ್ಯಪಾಲರೆಂದರೆ ಬೇರೆ ಚಿತ್ರ ಬರುತ್ತದೆ. ಅಲ್ಲಿ ಅವರು ಚುನಾಯಿತ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿಯಂತೆ. ಮುಖ್ಯಮಂತ್ರಿಯೇ ತಂಡದ ಕೋಚ್ ಬಗ್ಗೆ ಪತ್ರಿಕಾಗೋಷ್ಠಿಯಲ್ಲಿ ಮಾತಾಡುವ ಊರಿನಲ್ಲಿ ಕೆಲಸ ಒಪ್ಪುವವರು, ತಮ್ಮನ್ನು ಕರೆದವರು ಯಾರು ಮತ್ತು ನಾಳೆ ಕಳುಹಿಸುವವರು ಯಾರು ಎಂದು ಎರಡನ್ನೂ ತಿಳಿದುಕೊಳ್ಳಬೇಕು.

ಎರಡನೆಯದು ಆಟಗಾರರಿಗಾಗಿ ಇರುವ ಹಣ. 2025ರ ಜುಲೈ 1ರಿಂದ ವಿಶ್ವವಿದ್ಯಾಲಯಗಳೇ ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ ಹಣ ಹಂಚಬಹುದಾಗಿದೆ. ಮೊದಲ ವರ್ಷದ ಮಿತಿ ಒಂದು ಸಂಸ್ಥೆಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಅದರಲ್ಲಿ ಫುಟ್ಬಾಲ್‌ಗೆ ಎಷ್ಟು, ಅದರಾಚೆಗೆ ಜಾಹೀರಾತು ಒಪ್ಪಂದಗಳ ಮೂಲಕ ಸ್ಥಳೀಯ ಶ್ರೀಮಂತರು ಎಷ್ಟು ಸೇರಿಸುತ್ತಾರೆ ಎಂಬುದು ಕೋಚ್‌ನ ಸಂಬಳಕ್ಕಿಂತ ಹೆಚ್ಚಾಗಿ ಗೆಲುವನ್ನು ನಿರ್ಧರಿಸುತ್ತದೆ. ಇದನ್ನು ಬಾಯಿಮಾತಿನಲ್ಲಿ ನಂಬದೆ ಬರವಣಿಗೆಯಲ್ಲಿ ಪಡೆಯಲು ಎರಡು ಮೂರು ದಿನ ಹಿಡಿದರೆ ಅದು ವ್ಯರ್ಥವಾದ ಕಾಲವಲ್ಲ. ಸಹಾಯಕರ ಗತಿ, ಮಕ್ಕಳ ಶಾಲೆ, ಒಪ್ಪಂದದಲ್ಲಿ 'ಸಕಾರಣವಾಗಿ' ವಜಾ ಮಾಡುವ ಷರತ್ತಿನ ಒಕ್ಕಣೆ ಇವೆಲ್ಲ ಇದರ ನಂತರ ಬರುತ್ತವೆ.

ಈ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಹುಡುಕಲು ಆಹ್ವಾನಕ್ಕಾಗಿ ಕಾಯಬೇಕಿಲ್ಲ. ಇಂಡಿಯಾನಾದ ಕರ್ಟ್ ಸಿಗ್ನೆಟ್ಟಿ ಅವರನ್ನು ನೋಡಿ. 2025ರ ಅಕ್ಟೋಬರ್ 12ರಂದು ಪೆನ್ ಸ್ಟೇಟ್ ತನ್ನ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ತೆಗೆದುಹಾಕಿದಾಗ, ಆ ಜಾಗಕ್ಕೆ ಬರಬಹುದಾದವರೆಂದು ಎಲ್ಲರೂ ಹೇಳಿದ ಹೆಸರುಗಳಲ್ಲಿ ಅವರದೂ ಒಂದು. ನಾಲ್ಕು ದಿನಗಳೊಳಗೆ, ಅಕ್ಟೋಬರ್ 16ರಂದು, ಇಂಡಿಯಾನಾದೊಂದಿಗೆ ಎಂಟು ವರ್ಷಗಳ, ಸುಮಾರು 9 ಕೋಟಿ 30 ಲಕ್ಷ ಡಾಲರ್‌ಗಳ ಹೊಸ ಒಪ್ಪಂದ ಪ್ರಕಟವಾಯಿತು. ಆ ಮೇಲೆ ಅವರ ಆಟಗಾರರು ಪತ್ರಿಕೆಗಳಲ್ಲಿ ಕೋಚ್‌ನ ವಿಮಾನ ಎಲ್ಲಿಗೆ ಹಾರಿತೆಂದು ಓದಬೇಕಾಗಲಿಲ್ಲ. 2026ರ ಜನವರಿ 19ರಂದು ಮಯಾಮಿ ವಿಶ್ವವಿದ್ಯಾಲಯದ ತಂಡವನ್ನು 27-21ರಿಂದ ಸೋಲಿಸಿ ಇಂಡಿಯಾನಾ ಹದಿನಾರು ಪಂದ್ಯಗಳಲ್ಲೂ ಅಜೇಯವಾಗಿ ರಾಷ್ಟ್ರೀಯ ಪ್ರಶಸ್ತಿ ಎತ್ತಿತು. ಒಪ್ಪಂದದಿಂದಲೇ ಗೆದ್ದರು ಎಂದು ಹೇಳುವುದು ಅತಿಯಾದೀತು. ಆದರೆ ಕಿಫಿನ್ ಆರು ವಾರಗಳಲ್ಲಿ ಮಾಡಿದ ಯೋಚನೆಯನ್ನು ಸಿಗ್ನೆಟ್ಟಿ ನಾಲ್ಕು ದಿನಗಳಲ್ಲಿ, ಅದೂ ಋತುವಿನ ಬಿಸಿ ಏರುವ ಮೊದಲು, ಮುಗಿಸಿದ್ದರು.

ಕಿಫಿನ್ ಪರವಾಗಿಯೂ ಒಂದು ಮಾತು ಹೇಳಬೇಕು. 2010ರ ಜನವರಿಯಲ್ಲಿ ಟೆನೆಸಿಯನ್ನು ಒಂದೇ ಋತುವಿನ ನಂತರ ಬಿಟ್ಟು ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ಅವರ ನಿರ್ಧಾರ ಮಿಂಚಿನ ವೇಗದ್ದಾಗಿತ್ತು. ಕ್ಯಾಂಪಸ್‌ನಲ್ಲಿ ವಿದ್ಯಾರ್ಥಿಗಳು ಕೆರಳಿ ಬೀದಿಗಿಳಿದಿದ್ದರು. 2013ರಲ್ಲಿ ಕ್ಯಾಲಿಫೋರ್ನಿಯಾದವರು ಪಂದ್ಯ ಸೋತು ಬಂದಿಳಿದ ರಾತ್ರಿ ವಿಮಾನ ನಿಲ್ದಾಣದಲ್ಲೇ ಅವರನ್ನು ವಜಾ ಮಾಡಿದರು. 2017ರ ಜನವರಿಯಲ್ಲಿ, ಮುಂದಿನ ಕೆಲಸ ಒಪ್ಪಿಕೊಂಡೂ ಅಲಬಾಮಾದ ಆಕ್ರಮಣ ವಿಭಾಗ ನಡೆಸುತ್ತಿದ್ದ ಅವರನ್ನು ಫೈನಲ್‌ಗೆ ಒಂದು ವಾರ ಮೊದಲು ಸೇಬನ್ ಕಳುಹಿಸಿಬಿಟ್ಟರು. ಅಲಬಾಮಾ ಕ್ಲೆಮ್ಸನ್‌ಗೆ 35-31ರಿಂದ ಸೋತಿತು. ಅವಸರದ ಬೆಲೆಯನ್ನು ಇಷ್ಟು ಸಲ ತೆತ್ತವರು ಈ ಬಾರಿ ನಿಧಾನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಎರಡು ಕೆಲಸಗಳನ್ನು ಒಟ್ಟಿಗೆ ನಡೆಸಲಾಗದು ಎಂಬ 2017ರ ಪಾಠ ಅವರದೇ ಅನುಭವವಾಗಿತ್ತು. ಕಾರ್ಟರ್ ಒಪ್ಪುವುದಿಲ್ಲ ಎಂಬುದನ್ನು ಅವರು ಎಲ್ಲರಿಗಿಂತ ಮೊದಲು ಊಹಿಸಬಹುದಿತ್ತು.

ನಿಧಾನವೇ ಸರಿಯಾದ ದಾರಿಯಾದ ಉದಾಹರಣೆಯೂ ಕಿಫಿನ್ ಓಲ್ ಮಿಸ್ ಬಿಟ್ಟ ವಾರದಲ್ಲೇ ಸಿಗುತ್ತದೆ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಹಳೆಯ ಆಟಗಾರ, 2016ರಿಂದ ಅಲ್ಲಿಯೇ ಕೋಚ್ ಆಗಿರುವ ಕಲಾನಿ ಸಿಟಾಕೆ, ಪೆನ್ ಸ್ಟೇಟ್‌ನ ಮಾತುಕತೆಯನ್ನು ತೂಗಿ ನೋಡಿ ಡಿಸೆಂಬರ್ 2ರಂದು ಇದ್ದಲ್ಲೇ ಉಳಿದರು. ಅವರ ಮಟ್ಟಿಗೆ ಅದು ಒಳ್ಳೆಯ ನಿರ್ಧಾರವೆಂದೇ ನನಗೆ ತೋರುತ್ತದೆ. ಆದರೆ ಮರುದಿನವೇ ಸಹಿಯ ದಿನ. ಕೋಚ್ ಇಲ್ಲದ ಪೆನ್ ಸ್ಟೇಟ್‌ಗೆ ಬರುತ್ತೇವೆಂದಿದ್ದ ಹುಡುಗರಲ್ಲಿ ಹೆಚ್ಚಿನವರು ಬೇರೆಡೆ ಸಹಿ ಹಾಕಿದರು, ಉಳಿದವರು ಬೆರಳೆಣಿಕೆಯಷ್ಟು. ಡಿಸೆಂಬರ್ 5ರಂದು ಐಯೊವಾ ಸ್ಟೇಟ್‌ನ ಮ್ಯಾಟ್ ಕ್ಯಾಂಪ್‌ಬೆಲ್ ಆ ಹುದ್ದೆಗೆ ಬಂದರು. ಇದರಲ್ಲಿ ಸಿಟಾಕೆ ಅವರ ತಪ್ಪಿಗಿಂತ ಐವತ್ತು ದಿನ ಹುಡುಕಿಯೂ ಮುಗಿಸದ ಪೆನ್ ಸ್ಟೇಟ್‌ನ ತಪ್ಪು ದೊಡ್ಡದು.

ಹೋಗುವ ಕೋಚ್‌ನನ್ನು ಪ್ಲೇಆಫ್‌ವರೆಗೆ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳು ಬೇರೆ ಬೇರೆ ಉತ್ತರ ಕೊಟ್ಟವು. ಕಿಫಿನ್ ಸಿಗದ ಫ್ಲೋರಿಡಾ ಅದೇ ಭಾನುವಾರ ಟುಲೇನ್ ವಿಶ್ವವಿದ್ಯಾಲಯದ ಜಾನ್ ಸಮ್ರಾಲ್ ಅವರನ್ನು ನೇಮಿಸಿತು. ಟುಲೇನ್ ಅವರನ್ನು ಋತು ಮುಗಿಯುವವರೆಗೆ ಉಳಿಸಿಕೊಂಡಿತು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಹೊರಟಿದ್ದ ಬಾಬ್ ಚೆಸ್ನಿ ಅವರನ್ನು ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯವೂ ಉಳಿಸಿಕೊಂಡಿತು. ಡಿಸೆಂಬರ್ 20ರಂದು ಎದುರುಬದುರಾದದ್ದು ಓಲ್ ಮಿಸ್ ಮತ್ತು ಟುಲೇನ್: ಒಂದು ಕಡೆ ಕೋಚ್ ಬಿಟ್ಟು ಹೋದ ತಂಡ, ಇನ್ನೊಂದು ಕಡೆ ಹೋಗಲಿರುವ ಕೋಚ್‌ನ ತಂಡ. ಓಲ್ ಮಿಸ್ 41-10ರಿಂದ ಗೆದ್ದಿತು. ಟುಲೇನ್‌ಗಿಂತ ಓಲ್ ಮಿಸ್ ಮೊದಲೇ ಬಲಿಷ್ಠವಾಗಿದ್ದುದರಿಂದ ಇದನ್ನು ಸಾಕ್ಷಿಯೆಂದು ಎತ್ತಿ ಹಿಡಿಯುವಂತಿಲ್ಲ. ಆದರೆ ಜನವರಿ 1ರಂದು ಗೋಲ್ಡಿಂಗ್ ಅವರ ತಂಡ ಜಾರ್ಜಿಯಾವನ್ನು 39-34ರಿಂದ ಸೋಲಿಸಿದಾಗ, ಕೋಚ್ ಇಲ್ಲದೆ ತಂಡ ಕುಸಿಯುತ್ತದೆ ಎಂಬ ವಾದ ಸ್ವಲ್ಪ ಸಣ್ಣದಾಯಿತು. ಜನವರಿ 8ರ ಸೆಮಿಫೈನಲ್‌ನಲ್ಲಿ ಮಯಾಮಿಗೆ 31-27ರಿಂದ ಸೋಲುವವರೆಗೆ ಅವರು ಆಟದಲ್ಲಿದ್ದರು.

ಈ ಇಡೀ ಅವಧಿಯಲ್ಲಿ ಓಲ್ ಮಿಸ್‌ನ ಆಕ್ರಮಣ ವಿಭಾಗದ ಆಟಗಳನ್ನು ಹೆಣೆದವರು ಚಾರ್ಲಿ ವೈಸ್ ಜೂನಿಯರ್. ಅವರು ಕಿಫಿನ್ ಜೊತೆ ಎಲ್‌ಎಸ್‌ಯು ಸೇರಲು ಒಪ್ಪಿಕೊಂಡಿದ್ದರು, ಆದರೆ ಪ್ಲೇಆಫ್‌ಗಾಗಿ ಓಲ್ ಮಿಸ್ ಇರುವ ಆಕ್ಸ್‌ಫರ್ಡ್ ಊರಿಗೆ ಮರಳಿ ಬಂದರು. ಹಳೆಯ ತಂಡದ ಪಂದ್ಯಕ್ಕೆ ಸಿದ್ಧತೆ ನಡೆಸುತ್ತಿದ್ದಾಗಲೇ ಜನವರಿ 2ರಂದು ಪೋರ್ಟಲ್ ತೆರೆಯಿತು. ಹೊಸ ತಂಡಕ್ಕೆ ಆಟಗಾರರನ್ನು ಆರಿಸುವ ಕೆಲಸವೂ ಅದೇ ವಾರದಲ್ಲಿ ಬಿತ್ತು, ಮತ್ತು ಆರಿಸಬಹುದಾದ ಆಟಗಾರರಲ್ಲಿ ಕೆಲವರು ಆಗ ಅವರ ಎದುರಿನ ಅಭ್ಯಾಸದ ಮೈದಾನದಲ್ಲೇ ಇದ್ದರು.